ಅಂಡಮಾನಿನ ಯುದ್ಧಕಾಲದ ನೆನಪುಗಳನ್ನು ದಾಖಲಿಸುವ ಕಾರ್ಯಕ್ಕೆ ದೇಣಿಗೆ ಮನವಿ

ಮಾನ್ಯ ಕನ್ನಡ ಬಂಧುಗಳಿಗೆ ಸವಿನಯ ವಂದನೆಗಳು.

ಅಂಡಮಾನ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕರಿನೀರಿನ ಶಿಕ್ಷೆ ಮತ್ತು ಸೆಲ್ಯುಲರ್ ಜೈಲು. ಬೆಂಗಳೂರಿನಿಂದ ನೇರ ವಿಮಾನ ಬರತೊಡಗಿದ ಮೇಲೆ ಕರ್ನಾಟಕದ ಪ್ರವಾಸಿಗರು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬರುತ್ತಾರೆ. ಸಂಜೆ ಜೈಲಿನ ಅಂಗಳದಲ್ಲಿ ಧ್ವನಿ-ಬೆಳಕಿನ ಪ್ರದರ್ಶನ ನೋಡಿ, ಕಣ್ಣೊರೆಸಿಕೊಂಡು ಹೊರಗೆ ಬರುವವರನ್ನು ನಾವು ಎಷ್ಟೋ ಬಾರಿ ಕಂಡಿದ್ದೇವೆ. ಆ ಗೌರವ ನ್ಯಾಯವಾದದ್ದೇ. ಆದರೆ ಅಲ್ಲಿದ್ದ ರಾಜಕೀಯ ಕೈದಿಗಳು 1937-38ರ ಹೊತ್ತಿಗೆ ಮುಖ್ಯಭೂಮಿಗೆ ಮರಳಿದ್ದರು. ಅನಂತರ, 1942ರ ಮಾರ್ಚ್‌ನಿಂದ 1945ರ ಅಕ್ಟೋಬರ್‌ವರೆಗೆ, ಈ ದ್ವೀಪಗಳಲ್ಲೇ ಹುಟ್ಟಿ ಬೆಳೆದ ಸಾಮಾನ್ಯ ಜನರು ಜಪಾನೀ ಸೇನೆಯ ಆಳ್ವಿಕೆಯಲ್ಲಿ ಏನನ್ನು ಅನುಭವಿಸಿದರು ಎಂಬುದು ಮುಖ್ಯಭೂಮಿಯ ನಮ್ಮ ಬಂಧುಗಳಲ್ಲಿ ತೀರ ಕೆಲವರಿಗೆ ಮಾತ್ರ ಗೊತ್ತು.

ನೌಕರಿಯ ನಿಮಿತ್ತ ಇಲ್ಲಿಗೆ ಬಂದು ನೆಲೆನಿಂತ ಕೆಲವು ಕನ್ನಡ ಕುಟುಂಬಗಳು ಮತ್ತು ಇಲ್ಲಿಯೇ ಹುಟ್ಟಿ ಬೆಳೆದ ಸ್ನೇಹಿತರು ಕೂಡಿ ಕಟ್ಟಿದ ಚಿಕ್ಕ ಟ್ರಸ್ಟ್ ನಮ್ಮದು. 1858ರಿಂದ ಕೈದಿಗಳಾಗಿ ಬಂದು, ಶಿಕ್ಷೆ ಮುಗಿಸಿ, ಪ್ರಾಂತ ಜಾತಿ ಮತಗಳ ಹಂಗಿಲ್ಲದೆ ಮದುವೆಯಾಗಿ ಸಂಸಾರ ಹೂಡಿದವರ ಸಂತತಿಯನ್ನು ಇಲ್ಲಿ ‘ಲೋಕಲ್ ಬಾರ್ನ್’ ಎನ್ನುತ್ತಾರೆ. ಸರಕಾರಿ ಕಡತಗಳಲ್ಲಿಯೂ ಜನರ ಬಾಯಲ್ಲಿಯೂ ಅವರಿಗೆ ‘ಪ್ರೀ-ಫಾರ್ಟಿಟು’ ಎಂಬ ಇನ್ನೊಂದು ಹೆಸರಿದೆ, ಅಂದರೆ 1942ಕ್ಕಿಂತ ಮೊದಲೇ ಇಲ್ಲಿದ್ದವರು. ಒಂದು ಸಮುದಾಯದ ಗುರುತಿಗೆ ಒಂದು ಇಸವಿಯೇ ಹೆಸರಾಗಬೇಕಾದರೆ ಆ ಇಸವಿ ಅವರ ಬಾಳನ್ನು ಎಷ್ಟು ಆಳವಾಗಿ ಸೀಳಿರಬೇಕೆಂಬುದನ್ನು ತಾವೇ ಊಹಿಸಬಹುದು.

1942ರ ಮಾರ್ಚ್ 23ರಂದು ಜಪಾನೀ ಸೈನಿಕರು ಪೋರ್ಟ್ ಬ್ಲೇರ್‌ನಲ್ಲಿ ಇಳಿದಾಗ ಬ್ರಿಟಿಷರ ಸೈನ್ಯ ಆಗಲೇ ದ್ವೀಪ ಬಿಟ್ಟು ಹೋಗಿತ್ತು. ಜನರು ಇಲ್ಲಿಯೇ ಉಳಿದಿದ್ದರು. ಮೊದಲ ವಾರದಲ್ಲೇ, ಕೋಳಿಗಳನ್ನು ಹಿಡಿಯಲು ಮನೆಗಳ ಹಿತ್ತಿಲಿಗೆ ನುಗ್ಗಿದ ಸೈನಿಕರತ್ತ ಜುಲ್ಫಿಕರ್ ಅಲಿ ಎಂಬ ತರುಣನು ಏರ್‌ಗನ್ನಿನಿಂದ ಗುಂಡು ಹಾರಿಸಿದನು. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಅವನನ್ನು ನಗರದ ಅಬರ್ಡೀನ್ ಭಾಗದ ಮೈದಾನದಲ್ಲಿ ಊರಿನವರೆಲ್ಲರ ಎದುರಿಗೆ ಚಿತ್ರಹಿಂಸೆಗೊಳಪಡಿಸಿ ಕೊಂದರು. ಅಲ್ಲಿಂದ ಮುಂದಿನ ಮೂರೂವರೆ ವರ್ಷ ಗೂಢಚಾರಿಕೆಯ ಆರೋಪವೊಂದೇ ಸಾಕಾಗಿತ್ತು; ಸಾಕ್ಷಿ ಬೇಕಿರಲಿಲ್ಲ. ಕವಿಯೂ ವೈದ್ಯರೂ ಆಗಿದ್ದ ಡಾ. ದಿವಾನ್ ಸಿಂಗ್ ಅವರು ಜನರ ಪರವಾಗಿ ಅಧಿಕಾರಿಗಳ ಮುಂದೆ ನಿಂತು ಮಾತನಾಡಬಲ್ಲವರಾಗಿದ್ದರು. 1943ರ ಅಕ್ಟೋಬರ್‌ನಲ್ಲಿ ಅವರನ್ನೂ ಬಂಧಿಸಲಾಯಿತು. ಸೆಲ್ಯುಲರ್ ಜೈಲಿನಲ್ಲಿ ಎಂಬತ್ತಕ್ಕೂ ಹೆಚ್ಚು ದಿನಗಳ ಹಿಂಸೆಯನ್ನು ಸಹಿಸಿ 1944ರ ಜನವರಿ 14ರಂದು ಅವರು ಪ್ರಾಣಬಿಟ್ಟರು. ಅವರ ಹೆಸರಿನ ಗುರುದ್ವಾರ ಇಂದಿಗೂ ನಗರದಲ್ಲಿದೆ.

ಆ ದಿನಾಂಕಗಳ ನಡುವೆಯೇ, 1943ರ ಡಿಸೆಂಬರ್ 30ರಂದು, ನೇತಾಜಿ ಸುಭಾಷ್‌ಚಂದ್ರ ಬೋಸರು ಜಿಮ್‌ಖಾನಾ ಮೈದಾನದಲ್ಲಿ ತ್ರಿವರ್ಣ ಧ್ವಜವನ್ನು ಅರಳಿಸಿದರು. ದೇಶವೇ ಹೆಮ್ಮೆಪಡುವ ಆ ಗಳಿಗೆಯನ್ನು ಇಲ್ಲಿಯವರೂ ಹೆಮ್ಮೆಯಿಂದಲೇ ನೆನೆಯುತ್ತಾರೆ. ಆದರೆ ಅದೇ ಹೊತ್ತಿಗೆ ಮೈದಾನದಿಂದ ಕೂಗಳತೆಯ ದೂರದ ಜೈಲಿನ ಕೋಣೆಗಳಲ್ಲಿ ತಮ್ಮ ತಂದೆಯೋ ಅಣ್ಣನೋ ನರಳುತ್ತಿದ್ದ ಮನೆಗಳಿದ್ದವು. ಧ್ವಜಾರೋಹಣ ನಡೆದು ಸರಿಯಾಗಿ ಒಂದು ತಿಂಗಳಿಗೆ, 1944ರ ಜನವರಿ 30ರಂದು, ನಲವತ್ತನಾಲ್ಕು ಮಂದಿ ಭಾರತೀಯರನ್ನು ನಗರದಾಚೆಯ ಹಂಫ್ರೀಗಂಜ್‌ಗೆ ಕೊಂಡೊಯ್ದು ಗುಂಡಿಕ್ಕಿ ಕೊಲ್ಲಲಾಯಿತು. ಅವರಲ್ಲಿ ಬಹುಮಂದಿ ನೇತಾಜಿಯವರೇ ನಾಯಕರಾಗಿದ್ದ ಇಂಡಿಯನ್ ಇಂಡಿಪೆಂಡೆನ್ಸ್ ಲೀಗಿನ ಸದಸ್ಯರೇ ಆಗಿದ್ದರು. ಹೆಮ್ಮೆಯನ್ನೂ ದುಃಖವನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ಬಾಳಿದ ಈ ಜನರ ಮಾತನ್ನು ಅವರ ಬಾಯಿಂದಲೇ ಕೇಳಬೇಕು, ಬೇರೆಯವರು ಅದನ್ನು ತಮಗೆ ಬೇಕಾದಂತೆ ಸರಳಗೊಳಿಸಬಾರದು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಯುದ್ಧದ ಕೊನೆಯ ವರ್ಷ ಹಸಿವಿನ ವರ್ಷ. ಹಡಗುಗಳು ಬರುವುದು ನಿಂತಿತ್ತು, ಅಕ್ಕಿ ಇರಲಿಲ್ಲ, ಬಟ್ಟೆಯೂ ಇರಲಿಲ್ಲ. ಉಣ್ಣುವ ಬಾಯಿಗಳನ್ನು ಕಡಿಮೆ ಮಾಡಲೆಂದು 1945ರ ಆಗಸ್ಟ್‌ನಲ್ಲಿ ನೂರಾರು ಜನರನ್ನು, ಬೇಸಾಯಕ್ಕೆ ಹೊಸ ನೆಲ ಕೊಡುತ್ತೇವೆಂದು ನಂಬಿಸಿ, ದೋಣಿಗಳಲ್ಲಿ ತುಂಬಿ ಹ್ಯಾವ್‌ಲಾಕ್ ದ್ವೀಪದ ಬಳಿ ಸಮುದ್ರಕ್ಕೆ ದೂಡಲಾಯಿತು. ಬಹಳಷ್ಟು ಜನರು ಮುಳುಗಿ ಸತ್ತರು. ಈಜಿ ದಡ ಸೇರಿದವರಲ್ಲಿ ಹೆಚ್ಚಿನವರು ಅನ್ನವಿಲ್ಲದೆ ಸತ್ತರು. ಈಗ ಸ್ವರಾಜ್ ದ್ವೀಪವೆಂದು ಕರೆಯಲಾಗುವ ಅದೇ ದ್ವೀಪದ ಬಿಳಿ ಮರಳಿನ ಮೇಲೆ ನಮ್ಮ ಪ್ರವಾಸಿ ಬಂಧುಗಳು ಮಕ್ಕಳೊಡನೆ ಸಂತೋಷದಿಂದ ಕಾಲ ಕಳೆಯುತ್ತಾರೆ. ಅವರು ಸಂತೋಷಪಡಬಾರದೆಂದು ನಾವು ಹೇಳುವುದಿಲ್ಲ. ಅಲ್ಲಿ ಸತ್ತವರ ವಿಷಯವನ್ನು ಅವರಿಗೆ ಅವರದೇ ಭಾಷೆಯಲ್ಲಿ ತಿಳಿಸುವ ಒಂದು ಪುಟವಾದರೂ ಇರಬೇಕೆಂಬುದು ನಮ್ಮ ಆಸೆ.

ನಿಕೋಬಾರಿನ ಕಥೆ ಬೇರೆಯೇ ಆದದ್ದು. ಕಾರ್ ನಿಕೋಬಾರಿನಲ್ಲಿ ಗೂಢಚಾರರೆಂಬ ಶಂಕೆಯಿಂದ ಹಲವರನ್ನು ಕೊಂದ ಪ್ರಕರಣದ ವಿಚಾರಣೆ 1946ರಲ್ಲಿ ಸಿಂಗಾಪುರದ ಯುದ್ಧಾಪರಾಧ ನ್ಯಾಯಾಲಯದಲ್ಲಿ ನಡೆಯಿತು. ಸೆರೆಯಿಂದ ಜೀವಸಹಿತ ಹೊರಬಂದ ನಿಕೋಬಾರಿ ಪಾದ್ರಿ ಜಾನ್ ರಿಚರ್ಡ್‌ಸನ್ ಅವರು ಮುಂದೆ ಬಿಷಪ್ಪರಾದರು, 1952ರ ಮೊದಲ ಲೋಕಸಭೆಯಲ್ಲಿ ಈ ದ್ವೀಪಗಳ ಪ್ರತಿನಿಧಿಯಾಗಿ ಕುಳಿತರು. ಅಲ್ಲಿಯ ಮನೆತನಗಳು ಕಾಪಾಡಿಕೊಂಡಿದ್ದ ಪತ್ರ, ಭಾವಚಿತ್ರ, ಹಳೆಯ ವಸ್ತುಗಳನ್ನು 2004ರ ಡಿಸೆಂಬರ್ 26ರ ಸುನಾಮಿ ಕೊಚ್ಚಿಕೊಂಡು ಹೋಯಿತು. ಆದ್ದರಿಂದ ಅಲ್ಲಿ ಮಾತೇ ಏಕೈಕ ದಾಖಲೆ. ಹೊರಗಿನವರು ತಮ್ಮಿಷ್ಟದಂತೆ ಹೋಗಿ ನೆಲೆಸಲು ಅವಕಾಶವಿಲ್ಲದ ಆ ದ್ವೀಪಗಳಲ್ಲಿ ಈ ಕೆಲಸವನ್ನು ನಿಕೋಬಾರಿ ಯುವಕ ಯುವತಿಯರೇ, ತಮ್ಮ ಗ್ರಾಮದ ಮುಖ್ಯಸ್ಥರಾದ ಕ್ಯಾಪ್ಟನ್‌ರ ಒಪ್ಪಿಗೆ ಪಡೆದು, ತಮ್ಮ ಭಾಷೆಯಲ್ಲಿ ಮಾಡುತ್ತಾರೆ. ನಾವು ಉಪಕರಣವನ್ನೂ ತರಬೇತಿಯನ್ನೂ ಒದಗಿಸುತ್ತೇವೆ.

ಈ ಮನವಿಯನ್ನು ಇಷ್ಟು ಅವಸರದಿಂದ ತಮ್ಮ ಮುಂದೆ ಇಡಲು ಒಂದು ಕಾರಣವಿದೆ. 1943ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತು ದಾಟಿದ್ದಾರೆ. ನಾವು ಮೊದಲು ಭೇಟಿಮಾಡಿದ ಹಿರಿಯರಲ್ಲಿ ಒಬ್ಬ ಅಜ್ಜಿ, ಬೇಯಿಸಿದ ಮರಗೆಣಸನ್ನು ಅವರ ತಾಯಿ ಹೇಗೆ ಎಣಿಸಿ ಹಂಚುತ್ತಿದ್ದರು, ಗೋಣಿತಾಟನ್ನು ಹೊಲಿದು ಮಕ್ಕಳಿಗೆ ಹೇಗೆ ತೊಡಿಸುತ್ತಿದ್ದರು, ವಿಮಾನದ ಪಟ್ಟಿ ಕಟ್ಟುವ ಬಿಟ್ಟಿ ಕೆಲಸಕ್ಕೆ ಹೋದ ತಂದೆ ಸಂಜೆ ಮರಳುವ ತನಕ ಮನೆಯಲ್ಲಿ ಯಾರೂ ಏಕೆ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ ಎಂಬುದನ್ನೆಲ್ಲ ಎರಡು ಗಂಟೆ ಹೇಳಿದರು. ದಣಿದರೆಂದು ನಾವೇ ನಿಲ್ಲಿಸಿ, ಉಳಿದದ್ದನ್ನು ಮಳೆಗಾಲ ಮುಗಿದ ಮೇಲೆ ಬಂದು ಕೇಳುತ್ತೇವೆಂದು ಹೇಳಿ ಎದ್ದುಬಂದೆವು. ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಒಳ್ಳೆಯ ರೆಕಾರ್ಡರ್ ಇಲ್ಲದೆ ಮೊಬೈಲಿನಲ್ಲಿ ಹಿಡಿದಿಟ್ಟ ಆ ಧ್ವನಿಯಲ್ಲಿ ಅರ್ಧಭಾಗ ತಗಡಿನ ಮಾಡಿನ ಮೇಲೆ ಬಿದ್ದ ಮಳೆಯ ಸದ್ದೇ ತುಂಬಿದೆ. ಆ ತಪ್ಪು ನಮ್ಮದು. ಅದು ಮತ್ತೊಮ್ಮೆ ಆಗಬಾರದು.

ಬರುವ ಒಂದು ವರ್ಷದಲ್ಲಿ ನಲವತ್ತು ಮಂದಿ ಹಿರಿಯರ ಮಾತನ್ನು ದಾಖಲಿಸಲು ನಿಶ್ಚಯಿಸಿದ್ದೇವೆ. ದ್ವೀಪದಿಂದ ದ್ವೀಪಕ್ಕೆ ಹಡಗಿನ ಪ್ರಯಾಣ, ಮಾತನ್ನು ಬರಹಕ್ಕಿಳಿಸುವುದು, ಹಿಂದಿಗೂ ಕನ್ನಡಕ್ಕೂ ಅನುವಾದ ಎಲ್ಲ ಸೇರಿ ಒಬ್ಬರಿಗೆ ₹ 6,500ರಂತೆ ₹ 2,60,000 ಬೇಕಾಗುತ್ತದೆ. ಎರಡು ರೆಕಾರ್ಡರ್, ಒಂದು ಸ್ಕ್ಯಾನರ್ ಹಾಗೂ ಧ್ವನಿಮುದ್ರಣಗಳನ್ನು ಕಾಪಾಡುವ ವ್ಯವಸ್ಥೆಗೆ ₹ 90,000, ಶಾಲೆಗಳಿಗೂ ಪ್ರವಾಸಿಗರಿಗೂ ಉಚಿತವಾಗಿ ಹಂಚಲಿರುವ ಪುಸ್ತಿಕೆಯ ಮುದ್ರಣಕ್ಕೆ ₹ 70,000 ಹಿಡಿದರೆ ಒಟ್ಟು ₹ 4,20,000. ಟ್ರಸ್ಟಿನ ಸದಸ್ಯರು ಯಾರೂ ಸಂಭಾವನೆ ಪಡೆಯುವುದಿಲ್ಲ. ಬರಹಕ್ಕಿಳಿಸುವ ಕೆಲಸ ಮಾಡುವ ಇಲ್ಲಿಯ ಕಾಲೇಜು ವಿದ್ಯಾರ್ಥಿಗಳಿಗೆ ಮಾತ್ರ ಗೌರವಧನ ಕೊಡುತ್ತೇವೆ.

ತಾವು ಕೊಡುವ ಮೊತ್ತ ಚಿಕ್ಕದಾದರೂ ಅದಕ್ಕೆ ರಸೀದಿ ಕಳುಹಿಸಲಾಗುವುದು. ವರ್ಷದ ಕೊನೆಗೆ ಲೆಕ್ಕಪರಿಶೋಧಕರು ನೋಡಿದ ಖರ್ಚುವೆಚ್ಚದ ವಿವರವನ್ನು ಪ್ರತಿಯೊಬ್ಬ ದಾನಿಗೂ ತಲುಪಿಸಲಾಗುವುದು. ಹೇಳಿದವರ ಅಥವಾ ಅವರ ಮನೆಯವರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮಾತನ್ನೂ ಪ್ರಕಟಿಸುವುದಿಲ್ಲ. ಹಣ ಕೊಡಲು ಅನುಕೂಲವಿಲ್ಲದವರು ಬೇರೆ ರೀತಿಯಲ್ಲಿಯೂ ನೆರವಾಗಬಹುದು. ತಮ್ಮ ಮನೆತನದ ಹಿರಿಯರು ಸೇನೆಯಲ್ಲಿಯೋ ಹಡಗಿನಲ್ಲಿಯೋ ಅರಣ್ಯ ಇಲಾಖೆಯಲ್ಲಿಯೋ ಇದ್ದು ಆ ಕಾಲದ ಅಂಡಮಾನನ್ನು ಕಂಡಿದ್ದರೆ, ಅವರ ಪತ್ರ ಅಥವಾ ಭಾವಚಿತ್ರಗಳು ಪೆಟ್ಟಿಗೆಯ ತಳದಲ್ಲಿ ಎಲ್ಲಿಯಾದರೂ ಉಳಿದಿದ್ದರೆ, ಅವುಗಳ ಪ್ರತಿಯನ್ನು ಕಳುಹಿಸಿಕೊಡಿ. ಮೂಲ ತಮ್ಮಲ್ಲೇ ಇರಲಿ.

ಹಂಫ್ರೀಗಂಜ್‌ನ ಹುತಾತ್ಮ ಸ್ಮಾರಕದ ಬಳಿ ಬರುವ ಜನವರಿ 30ರಂದು, ಅಲ್ಲಿಯವರೆಗೆ ದಾಖಲಾದ ಮಾತುಗಳಲ್ಲಿ ಕೆಲವನ್ನು ಆಯಾ ಮನೆತನದ ಮಕ್ಕಳಿಂದಲೇ ಓದಿಸಬೇಕೆಂದಿದ್ದೇವೆ. ಆ ಹೊತ್ತಿಗೆ ದ್ವೀಪದಲ್ಲಿರುವ ಕನ್ನಡ ಬಂಧುಗಳು ದಯವಿಟ್ಟು ಬಂದು, ಮಕ್ಕಳ ಜೊತೆ ಕುಳಿತು ಕೇಳಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ಎಲ್ಲ ವಿಶ್ವಸ್ತರ ಪರವಾಗಿ