ಕಾಸ್ತೆಲೊರಿಝೊ ಸ್ಯಾಂಟೊರಿನಿಯ ಪಕ್ಕದ ಊರಲ್ಲ

ಸಂಪಾದಕರಿಗೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಗ್ರೀಸಿನ ದ್ವೀಪಗಳ ಬಗ್ಗೆ ಬಂದ ಲೇಖನದ ಚಿತ್ರಗಳು ಚೆನ್ನಾಗಿದ್ದವು. ಆದರೆ ಕಾಸ್ತೆಲೊರಿಝೊ ದ್ವೀಪವನ್ನು ಸ್ಯಾಂಟೊರಿನಿಗೆ ಹೋದವರು ಒಂದೇ ದಿನದಲ್ಲಿ ನೋಡಿ ಬರಬಹುದು ಎಂದು ಬರೆದಿರುವುದು ತಪ್ಪು. ಹುಬ್ಬಳ್ಳಿ-ಧಾರವಾಡದ ಮಂದಿ ಇಂಥ ಲೇಖನಗಳನ್ನು ಕತ್ತರಿಸಿಟ್ಟುಕೊಂಡು ಟ್ರಾವೆಲ್ ಏಜೆಂಟರ ಮುಂದೆ ಹಿಡಿಯುತ್ತಾರೆ. ಅದಕ್ಕೇ ಈ ಪತ್ರ.

ಸ್ಯಾಂಟೊರಿನಿ ಇರುವುದು ಏಜಿಯನ್ ಸಮುದ್ರದ ನಡುವಿನ ಸೈಕ್ಲಡೀಸ್ ಗುಂಪಿನಲ್ಲಿ. ಕಾಸ್ತೆಲೊರಿಝೊ ಡೋಡೆಕನೀಸ್ ಗುಂಪಿನ ಪೂರ್ವದ ತುತ್ತತುದಿಯಲ್ಲಿದೆ. ಅಲ್ಲಿಂದ ಟರ್ಕಿಯ ದಡ ಸುಮಾರು 2 ಕಿ.ಮೀ., ಹತ್ತಿರದ ದೊಡ್ಡ ಗ್ರೀಕ್ ದ್ವೀಪ ರೋಡ್ಸ್ ಸುಮಾರು 125 ಕಿ.ಮೀ., ರಾಜಧಾನಿ ಅಥೆನ್ಸ್ 500 ಕಿ.ಮೀ.ಗೂ ಆಚೆ. ವಿಸ್ತೀರ್ಣ ಸುಮಾರು 9 ಚದರ ಕಿ.ಮೀ., ಜನ ಐದಾರು ನೂರು. ಸ್ಯಾಂಟೊರಿನಿಯಿಂದ ಹೊರಟರೂ ಅಥೆನ್ಸಿನ ಬಂದರು ಪಿರೇಯಸ್‌ನಿಂದ ಹೊರಟರೂ ರೋಡ್ಸ್ ಮುಟ್ಟದೆ ಹಡಗು ಅಲ್ಲಿಗೆ ಹೋಗುವುದಿಲ್ಲ. ಟಿಕೆಟ್ ಹುಡುಕುವಾಗ ಇನ್ನೊಂದು ತೊಡಕು: ದ್ವೀಪದ ಅಧಿಕೃತ ಹೆಸರು ಮೆಗಿಸ್ತಿ, ಟರ್ಕಿಯವರು ಕರೆಯುವುದು ಮೆಯಿಸ್. ಮೂರೂ ಒಂದೇ ಊರು.

ರೋಡ್ಸ್‌ನಿಂದ ದೊಡ್ಡ ಹಡಗಿನಲ್ಲಿ ಮೂರೂವರೆಯಿಂದ ನಾಲ್ಕು ತಾಸು, ವೇಗದ ಕ್ಯಾಟಮರಾನಿನಲ್ಲಿ ಸುಮಾರು ಎರಡೂವರೆ ತಾಸು. ಇವು ದಿನವೂ ಓಡುವುದಿಲ್ಲ, ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುತ್ತದೆ. ವಿಮಾನವೂ ಉಂಟು. ನಮ್ಮ ಹುಬ್ಬಳ್ಳಿ ನಿಲ್ದಾಣದ ರನ್‌ವೇ 2,600 ಮೀಟರ್ ಇದ್ದರೆ, 1986ರಲ್ಲಿ ಗುಡ್ಡದ ಮೇಲೆ ಕಟ್ಟಿದ ಅಲ್ಲಿನ ರನ್‌ವೇ ಬರೀ 800 ಮೀಟರಿನಷ್ಟು. ಸಣ್ಣ ಪ್ರೊಪೆಲ್ಲರ್ ವಿಮಾನಗಳಷ್ಟೇ ಇಳಿಯಬಲ್ಲವು. ಸೀಟು ಕಡಿಮೆ, ಅಡ್ಡಗಾಳಿ ಜೋರಾದರೆ ಹಾರಾಟ ರದ್ದು.

ಎಲ್ಲರೂ ಎಡವುವುದು ಗಾಳಿಯ ವಿಷಯದಲ್ಲೇ. ಜುಲೈ-ಆಗಸ್ಟ್‌ನಲ್ಲಿ ಏಜಿಯನ್ ಮೇಲೆ ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ಬೀಸುತ್ತದೆ. ಆಕಾಶ ನಿಚ್ಚಳವಾಗಿರುತ್ತದೆ, ಬಿಸಿಲೂ ಇರುತ್ತದೆ, ಆದರೆ ಸಮುದ್ರ ಕುದಿಯುತ್ತಿರುತ್ತದೆ. ಗಾಳಿಯ ಬಲವನ್ನು 0ರಿಂದ 12ರವರೆಗಿನ ಬ್ಯೂಫೋರ್ಟ್ ಮಾನದಲ್ಲಿ ಅಳೆದು ಬಂದರು ಅಧಿಕಾರಿಗಳೇ ಹಡಗು ಬಿಡದಂತೆ ಆದೇಶ ಹೊರಡಿಸುತ್ತಾರೆ. ದೊಡ್ಡ ಹಡಗುಗಳನ್ನು ಸಾಮಾನ್ಯವಾಗಿ 8ಕ್ಕೆ ತಡೆದರೆ, ಸಣ್ಣವನ್ನೂ ವೇಗದವನ್ನೂ ಅದಕ್ಕಿಂತ ಮೊದಲೇ ನಿಲ್ಲಿಸುತ್ತಾರೆ. ಟಿಕೆಟ್ ಹಣ ವಾಪಸು ಬರುತ್ತದೆ, ಇಲ್ಲವೇ ಮುಂದಿನ ಹಡಗಿನಲ್ಲಿ ಜಾಗ ಸಿಗುತ್ತದೆ. ಆ ಮುಂದಿನ ಹಡಗು ಎರಡು-ಮೂರು ದಿನದ ನಂತರ ಇದ್ದರೆ? ಅಷ್ಟರಲ್ಲಿ ಅಥೆನ್ಸಿನಿಂದ ಭಾರತಕ್ಕೆ ಮರಳುವ ವಿಮಾನ ಹಾರಿಹೋಗಿರುತ್ತದೆ. ಆದ್ದರಿಂದ ಈ ದ್ವೀಪವನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಬಾರದು. ಮೊದಲು ಇದನ್ನು ಮುಗಿಸಿ, ಆಮೇಲೆ ರೋಡ್ಸ್‌ನಲ್ಲಿ ಕನಿಷ್ಠ ಎರಡು ರಾತ್ರಿ ಉಳಿಯುವಂತೆ ಯೋಜಿಸಬೇಕು. ಮೇ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. ಮಕ್ಕಳ ಬೇಸಿಗೆ ರಜೆ ಹೆಚ್ಚುಕಡಿಮೆ ಮುಗಿದಿರುತ್ತದೆ ಎಂಬುದೊಂದೇ ತೊಂದರೆ.

ಮರಳಿನ ಬೀಚ್ ಹುಡುಕಿಕೊಂಡು ಹೋದವರಿಗೆ ನಿರಾಸೆ ಖಚಿತ. ದ್ವೀಪವೆಲ್ಲ ಸುಣ್ಣಕಲ್ಲಿನ ಬಂಡೆ. ಬಂದರಿನ ಕಟ್ಟೆಗೆ ಹಾಕಿದ ಏಣಿ ಇಳಿದೇ ಈಜಬೇಕು. ಆಗ್ನೇಯ ದಡದಲ್ಲಿರುವ ನೀಲಿ ಗುಹೆಯ ಬಾಯಿ ನೀರಿನಿಂದ ಸುಮಾರು ಒಂದು ಮೀಟರ್ ಎತ್ತರವಷ್ಟೇ. ದೋಣಿಯಲ್ಲಿ ತಲೆ ತಗ್ಗಿಸಿ, ಬಹುಪಾಲು ಮಲಗಿಯೇ ಒಳಗೆ ಹೋಗಬೇಕು. ಅಲೆ ಸ್ವಲ್ಪ ಎದ್ದರೂ ದೋಣಿಯವರು ಒಳಗೆ ಒಯ್ಯುವುದಿಲ್ಲ. ಒಳಗಿನ ನೀಲಿ ಕಾಣಬೇಕೆಂದರೆ ಬೆಳಗಿನ ಹೊತ್ತೇ ಹೋಗಬೇಕು. ಮಂಡಿನೋವಿನ ಹಿರಿಯರಿಗೆ ಇನ್ನೊಂದು ಮಾತು: ಊರಿನ ಹಿಂದಿನ ಗುಡ್ಡಕ್ಕೆ ಹತ್ತಲು ಸುಮಾರು 400 ಮೆಟ್ಟಿಲುಗಳಿವೆ, ನೆರಳಿಲ್ಲ.

ಬುಗ್ಗೆಯಿಲ್ಲ, ಹೊಳೆಯಿಲ್ಲ. ಹಿಂದೆ ಮಳೆನೀರನ್ನು ತೊಟ್ಟಿಗಳಲ್ಲಿ ತುಂಬಿಟ್ಟುಕೊಂಡೇ ವರ್ಷ ಕಳೆಯುತ್ತಿದ್ದರು. ನಲ್ಲಿ ನೀರಿಗಾಗಿ ದಿನ ಎಣಿಸುವ ಗದಗ-ಬೆಟಗೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗಿದ್ದೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಸುಮಾರು 9,000 ಜನ ಇದ್ದರು. ಎದುರಿನ ಅನಟೋಲಿಯದ (ಈಗಿನ ಟರ್ಕಿಯ ನೆಲ) ಮರಮುಟ್ಟು, ಇದ್ದಿಲುಗಳನ್ನು ಹಾಯಿಹಡಗುಗಳಲ್ಲಿ ಈಜಿಪ್ಟಿನವರೆಗೆ ಸಾಗಿಸಿ ಮಾರುವುದೇ ಅವರ ಬಾಳು. ನಿಮ್ಮ ಲೇಖನ ಬಣ್ಣದ ಮನೆಗಳನ್ನಷ್ಟೇ ತೋರಿಸಿ, ಊರು ಬರಿದಾದದ್ದನ್ನು ಬಿಟ್ಟುಬಿಟ್ಟಿದೆ. 1913ರಲ್ಲಿ ಒಟ್ಟೋಮನ್ ಆಡಳಿತದ ವಿರುದ್ಧ ದಂಗೆ, 1915ರ ಕೊನೆಗೆ ಫ್ರೆಂಚ್ ನೌಕಾಪಡೆ ಬಂದು ದ್ವೀಪ ಹಿಡಿಯಿತು. 1917ರ ಜನವರಿಯಲ್ಲಿ ಬಂದರಿನಲ್ಲಿ ಲಂಗರು ಹಾಕಿದ್ದ ‘ಬೆನ್-ಮೈ-ಕ್ರೀ’ ಎಂಬ ಬ್ರಿಟಿಷ್ ವಿಮಾನವಾಹಕ ಹಡಗನ್ನು ಎದುರು ದಡದ ಟರ್ಕಿ ಫಿರಂಗಿಗಳು ಮುಳುಗಿಸಿದವು. 1921ರಲ್ಲಿ ದ್ವೀಪ ಇಟಲಿಗೆ ಹೋಯಿತು. ಅದರ ಬೆನ್ನಿಗೇ ಗ್ರೀಸ್-ಟರ್ಕಿ ನಡುವೆ ಜನರ ವಿನಿಮಯವಾಗಿ (ಟರ್ಕಿಯ ಕ್ರೈಸ್ತರನ್ನು ಗ್ರೀಸಿಗೂ ಗ್ರೀಸಿನ ಮುಸ್ಲಿಮರನ್ನು ಟರ್ಕಿಗೂ ಕಳಿಸಲಾಯಿತು) ಎದುರು ದಡದ ವ್ಯಾಪಾರ ಕಡಿದುಬಿತ್ತು. ಸಾವಿರಾರು ಜನ ಆಸ್ಟ್ರೇಲಿಯದ ಪರ್ತ್, ಸಿಡ್ನಿ ಸೇರಿದರು. 1943ರಲ್ಲಿ ಜರ್ಮನ್ ಬಾಂಬುಗಳು ಬಿದ್ದಾಗ ಉಳಿದವರನ್ನು ಸೈಪ್ರಸ್‌ಗೂ ಅಲ್ಲಿಂದ ಗಾಜಾ ಬಳಿಯ ಶಿಬಿರಕ್ಕೂ ಸಾಗಿಸಲಾಯಿತು. 1944ರ ಜುಲೈನಲ್ಲಿ ಬೆಂಕಿ ಬಿದ್ದು ಮನೆಗಳು ಸಾಲುಸಾಲಾಗಿ ಸುಟ್ಟವು. 1945ರ ಸೆಪ್ಟೆಂಬರ್ 29ರಂದು ನಿರಾಶ್ರಿತರನ್ನು ಊರಿಗೆ ಮರಳಿ ತರುತ್ತಿದ್ದ ‘ಎಂಪೈರ್ ಪಟ್ರೋಲ್’ ಹಡಗಿಗೂ ಬೆಂಕಿ ಹತ್ತಿ 33 ಜನ ಸತ್ತರು. 1947ರ ಪ್ಯಾರಿಸ್ ಒಪ್ಪಂದದಿಂದ ದ್ವೀಪ ಗ್ರೀಸಿಗೆ ಬಂತು, ಮಂದಿ ಮಾತ್ರ ಬರಲಿಲ್ಲ. ಇಂದು ಬಂದರಿನ ಸುತ್ತ ಹೊಳೆಯುವ ಮುಂಬಾಗಿಲುಗಳ ಹಿಂದಿನ ಓಣಿಗಳಲ್ಲಿ ಪಾಳುಗೋಡೆಗಳಿವೆ. ಇಷ್ಟು ಸಣ್ಣ ಬಂಡೆಗಾಗಿ ಗ್ರೀಸ್-ಟರ್ಕಿಗಳ ಸಮುದ್ರ ಗಡಿಯ ತಕರಾರು ಇನ್ನೂ ಮುಗಿದಿಲ್ಲ. ಸೈನಿಕ ನೆಲೆಗಳ ಕಡೆ ಕ್ಯಾಮೆರಾ ತಿರುಗಿಸದಿರುವುದು ಲೇಸು.

ಶಾಕಾಹಾರಿಗಳಿಗೆ: ‘ನಿಸ್ತಿಸಿಮೊ’ ಎಂದರೆ ಅವರ ಉಪವಾಸದ ಅಡುಗೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ, ಆದರೆ ಸೀಗಡಿ, ಆಕ್ಟೋಪಸ್ ಇರಬಹುದು. ಕೇಳಿಯೇ ತಿನ್ನಬೇಕು.

ಇನ್ನು ವೀಸಾ. ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಶುಲ್ಕ ವಯಸ್ಕರಿಗೆ 90 ಯೂರೊ, ಆರೋಗ್ಯ ವಿಮೆ ಕನಿಷ್ಠ 30,000 ಯೂರೊ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾದರೆ ಆಗದು. ಬೆರಳಚ್ಚು ಕೊಡಲು ವೀಸಾ ಕೇಂದ್ರಕ್ಕೆ ಖುದ್ದಾಗಿ ಹೋಗಲೇಬೇಕು, ಏಜೆಂಟರ ಕೈಯಲ್ಲಿ ಕಾಗದ ಕಳಿಸಿ ಹುಬ್ಬಳ್ಳಿಯಲ್ಲಿ ಕೂತರೆ ನಡೆಯದು. ಹಿಂದಿನ 59 ತಿಂಗಳೊಳಗೆ ಕೊಟ್ಟಿದ್ದರೆ ಸಾಮಾನ್ಯವಾಗಿ ಮತ್ತೆ ಬೇಡ.

ಟರ್ಕಿಯ ಕಾಶ್ ಪಟ್ಟಣದಿಂದ ದೋಣಿಯಲ್ಲಿ ಅರ್ಧ ತಾಸಿನೊಳಗೆ ಈ ದ್ವೀಪ ಸೇರಬಹುದು ಎಂಬುದು ನಿಜ. 2024ರಿಂದ ಈ ದ್ವೀಪದಲ್ಲಿ ಬಂದಿಳಿದಾಗಲೇ ವೀಸಾ ಕೊಡುವ ಸೌಲಭ್ಯ ಇರುವುದು ಟರ್ಕಿಯ ನಾಗರಿಕರಿಗೂ ಅವರ ಕುಟುಂಬದವರಿಗೂ ಮಾತ್ರ. ಭಾರತದ ಪಾಸ್‌ಪೋರ್ಟಿಗೆ ಅನ್ವಯಿಸದು. ಷೆಂಗೆನ್ ವೀಸಾ ಇದ್ದ ಭಾರತೀಯರಿಗೆ ಟರ್ಕಿ ಕೊಡುವ ಇ-ವೀಸಾ ಒಂದೇ ಪ್ರವೇಶದ್ದು. ಬೆಳಿಗ್ಗೆ ಕಾಶ್‌ನಿಂದ ದ್ವೀಪಕ್ಕೆ ಹೋದರೆ ಸಂಜೆ ಅದರ ಮೇಲೆ ಮರಳಲಾಗದು. ರೋಡ್ಸ್‌ನಿಂದ ಬಂದು ಕಾಶ್ ನೋಡಿ ಮತ್ತೆ ರೋಡ್ಸ್‌ಗೆ ಹೋಗುವವರ ಷೆಂಗೆನ್ ವೀಸಾವೂ ಎರಡು ಪ್ರವೇಶದ್ದಾಗಿರಬೇಕು. ಗ್ರೀಸ್ ಮುಗಿಸಿ ಒಂದೇ ದಿಕ್ಕಿನಲ್ಲಿ ಟರ್ಕಿಗೆ ದಾಟಿ ಅಲ್ಲಿಂದಲೇ ಭಾರತಕ್ಕೆ ಹಾರುವವರಿಗೆ ಈ ತಾಪತ್ರಯವಿಲ್ಲ. ನಿಮ್ಮ ಲೇಖನದ ಕೊನೆಯಲ್ಲಿರುವ ‘ಗ್ರೀಸ್-ಟರ್ಕಿ ಹತ್ತು ದಿನ’ ಪಟ್ಟಿಯಲ್ಲಿ ಕಾಶ್‌ನಿಂದ ಹೋಗಿ ಕಾಶ್‌ಗೇ ಮರಳುವಂತೆ ಬರೆದಿದೆ. ಮುಂದಿನ ಭಾನುವಾರ ಆ ಸಾಲನ್ನು ದಯವಿಟ್ಟು ತಿದ್ದಿ ಪ್ರಕಟಿಸಿ.

– ಓದುಗ, ವಿದ್ಯಾನಗರ, ಹುಬ್ಬಳ್ಳಿ