ಸೌತಾಂಪ್ಟನ್ ನಿಲ್ದಾಣದಲ್ಲಿ ದಾರಿ ತೋರಿದವರಿಗೆ

ಇಂಗ್ಲೆಂಡಿನ ಬಂದರು ನಗರ ಸೌತಾಂಪ್ಟನ್ನಿನ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ನಮ್ಮ ಕನ್ನಡದ ಮಾತು ಕೇಳಿ ತಾವಾಗಿಯೇ ಬಳಿಗೆ ಬಂದು, ಹೆಸರು ಕೇಳುವಷ್ಟರಲ್ಲಿ ತಮ್ಮ ರೈಲು ಹತ್ತಿ ಹೊರಟ ಹಿರಿಯ ಮಹಿಳೆಗೆ ಹೃತ್ಪೂರ್ವಕ ಧನ್ಯವಾದಗಳನ್ನು ಸಲ್ಲಿಸುತ್ತೇನೆ.

ಕ್ವೀನ್ ಮೇರಿ 2 ಹಡಗಿನಲ್ಲಿ ನ್ಯೂಯಾರ್ಕಿಗೆ ಹೊರಡುವ ಮುನ್ನಾದಿನ ಅದು. ದೊಡ್ಡ ಪೆಟ್ಟಿಗೆಗಳನ್ನು ಹೋಟೆಲಿನಲ್ಲಿ ಬಿಟ್ಟು ಸುಮಾರು ಅರ್ಧ ಗಂಟೆಯ ರೈಲು ಪ್ರಯಾಣದಷ್ಟು ದೂರದ ಸಾಲ್ಸ್‌ಬರಿಗೆ ಹೋಗಿಬನ್ನಿರೆಂದೂ, ಪ್ರಾಚೀನ ಶಿಲಾವೃತ್ತವಾದ ಸ್ಟೋನ್‌ಹೆಂಜ್ ಅಲ್ಲಿಂದ ಮುಂದೆ ಬಸ್ಸಿನ ದಾರಿಯಾದ್ದರಿಂದ ಅಮ್ಮನವರಿಗೆ ಆಯಾಸವಾಗದಂತೆ ಸಾಲ್ಸ್‌ಬರಿಯ ದೊಡ್ಡ ಚರ್ಚಾದ ಕೆಥೆಡ್ರಲ್ ಒಂದನ್ನೇ ನಿಧಾನವಾಗಿ ನೋಡುವುದು ಒಳಿತೆಂದೂ ಅವರು ತಾಳ್ಮೆಯಿಂದ ವಿವರಿಸಿದರು. ಆ ಸಲಹೆ ಎಷ್ಟು ಸರಿಯಾಗಿತ್ತು! 123 ಮೀಟರ್ ಎತ್ತರದ ಗೋಪುರದ ಕೆಳಗೆ ಅಮ್ಮ ಬಹಳ ಹೊತ್ತು ಕುಳಿತರು. ಇಂಗ್ಲೆಂಡಿನ ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾದ, ಇಂದಿಗೂ ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಒಂದನ್ನು ಅಲ್ಲಿಯೇ ಕಂಡೆವು. ಸಮುದ್ರಯಾನಕ್ಕೆ ಮುನ್ನ ನೆಲದ ಮೇಲೆ ಕಳೆದ ಆ ಒಂದು ದಿನ ಇಡೀ ಪ್ರವಾಸಕ್ಕೆ ಬೇರೆಯೇ ತೂಕ ತಂದುಕೊಟ್ಟಿತು.

ಹಡಗಿನ ಬಂದರಿನಲ್ಲಿ ಪೆಟ್ಟಿಗೆಗಳನ್ನು ಮೊದಲೇ ಒಯ್ಯುವುದರಿಂದ ಪಾಸ್‌ಪೋರ್ಟ್, ವೀಸಾ ಮತ್ತು ಔಷಧಿಗಳು ಕೈಚೀಲದಲ್ಲೇ ಇರಲಿ ಎಂದದ್ದೂ ಅವರೇ. ನ್ಯೂಯಾರ್ಕ್ ತಲುಪುವ ದಿನ ಬೆಳಕು ಹರಿಯುವ ಮುನ್ನವೇ ಡೆಕ್ಕಿನ ಮೇಲೆ ನಿಲ್ಲಿರೆಂದು ಅವರು ಹೇಳಿರದಿದ್ದರೆ, ಹಡಗಿನ ಚಿಮಣಿ ನ್ಯೂಯಾರ್ಕ್ ಬಂದರಿನ ಪ್ರವೇಶದಲ್ಲಿರುವ ವೆರಾಜಾನೊ ಸೇತುವೆಯಡಿ ಕೆಲವೇ ಮೀಟರ್ ಅಂತರದಲ್ಲಿ ನುಸುಳುವ ನೋಟ ನಮಗೆ ತಪ್ಪಿಹೋಗುತ್ತಿತ್ತು.

ಈ ಬರಹ ತಮ್ಮ ಕಣ್ಣಿಗೆ ಬಿದ್ದರೆ, ಅಮ್ಮನ ನಮಸ್ಕಾರಗಳನ್ನೂ ದಯವಿಟ್ಟು ಸ್ವೀಕರಿಸಬೇಕು.