ಕ್ಷೌರದ ಕತ್ತಿ: ಕಲ್ಲಿಗೆ ಮೊದಲು ಪಟ್ಟಿ

ಮಾನ್ಯ ಸಂಪಾದಕರೇ,

ಬಿಸಾಡುವ ಬ್ಲೇಡು ಸಾಕಾಗಿ ಮಡಚುವ ಕ್ಷೌರದ ಕತ್ತಿ ಹಿಡಿಯಲು ಹೊರಟವರಿಗೆ ಸಿಗುವ ಸಲಹೆ ಬಹುಪಾಲು ಮಸೆಯುವ ಕಲ್ಲಿನಿಂದಲೇ ಶುರುವಾಗುತ್ತದೆ. ಇಂಥ ಗ್ರಿಟ್ಟಿನದು (ಕಲ್ಲು ಎಷ್ಟು ನಯ ಎಂಬ ಸಂಖ್ಯೆ, ಹೆಚ್ಚಾದಷ್ಟೂ ನಯ) ಕೊಳ್ಳಿ, ಆಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ಹೊಸಬರು ನಾಲ್ಕು ಕಲ್ಲು ತಂದು, ಚೆನ್ನಾಗಿದ್ದ ಕತ್ತಿಯ ಬೆನ್ನು ಸವೆಸಿ, ಕೆನ್ನೆ ಉರಿಸಿಕೊಂಡು, ಕೊನೆಗೆ ಕತ್ತಿಯೇ ಸರಿಯಿಲ್ಲವೆಂದು ಮೂಲೆಗೆ ಹಾಕುತ್ತಾರೆ. ಈ ಕ್ರಮವೇ ತಲೆಕೆಳಗು ಎಂಬುದು ನಮ್ಮ ಅಭಿಪ್ರಾಯ. ಮೊದಲು ಕಲಿಯಬೇಕಾದ್ದು ಕ್ಷೌರಕ್ಕೆ ಮುಂಚೆ ಕತ್ತಿಯನ್ನು ಉಜ್ಜುವ ಚರ್ಮದ ಪಟ್ಟಿ. ಕಲ್ಲಿನ ಸರದಿ ಬರುವುದು ಎಷ್ಟೋ ತಿಂಗಳ ನಂತರ.

ಮೊದಲ ಕತ್ತಿಯನ್ನು ಬಲ್ಲವರ ಕೈಯಲ್ಲಿ ಮಸೆಸಿಯೇ ತನ್ನಿ. ಹೊಸ ಕತ್ತಿ ಪೆಟ್ಟಿಗೆಯಿಂದ ತೆಗೆದ ಕೂಡಲೇ ಕ್ಷೌರಕ್ಕೆ ಸಿದ್ಧವಿರುತ್ತದೆ ಎಂಬ ಭರವಸೆಯಿಲ್ಲ. ಕಾಗದ ಸೀಳುವ ಹರಿತವೇ ಬೇರೆ, ಚರ್ಮ ಎಳೆಯದೆ ಕೂದಲು ತೆಗೆಯುವ ಹರಿತವೇ ಬೇರೆ. ಸರಿಯಾಗಿ ಮಸೆದ ಕತ್ತಿ ಕೆನ್ನೆಯ ಮೇಲೆ ಹೇಗಿರುತ್ತದೆಂದು ಒಮ್ಮೆ ಗೊತ್ತಾಗದಿದ್ದರೆ, ಮುಂದೆ ತಾವೇ ಮಸೆದಾಗ ಯಾವುದಕ್ಕೆ ಹೋಲಿಸಿ ನೋಡುವುದು?

ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಪದರ, ಒಂದು ಕ್ಯಾನ್ವಾಸ್, ಇನ್ನೊಂದು ಚರ್ಮ. ಏಳೂವರೆ ಸೆಂಟಿಮೀಟರ್ ಅಗಲದ್ದಾದರೆ ಕತ್ತಿಯ ಇಡೀ ಬಾಯಿ, ಅಂದರೆ ಹರಿತದ ಅಂಚು, ಒಮ್ಮೆಗೇ ಕೂರುತ್ತದೆ, ಹೊಸಬರಿಗೆ ಅದೇ ಅನುಕೂಲ. ಒಂದು ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಕತ್ತಿಯನ್ನು ಪೂರ್ತಿ ಮಲಗಿಸಿ, ಬೆನ್ನೂ ಬಾಯಿಯೂ ಒಟ್ಟಿಗೆ ಚರ್ಮಕ್ಕೆ ತಾಗಿರಲಿ. ಬೆನ್ನು ಮುಂದೆ, ಬಾಯಿ ಹಿಂದೆ. ಕೊನೆ ಮುಟ್ಟಿದಾಗ ಕತ್ತಿಯನ್ನು ಎತ್ತಬಾರದು. ಬೆನ್ನು ಚರ್ಮದ ಮೇಲಿರುವಂತೆಯೇ, ಹೆಬ್ಬೆರಳು ತೋರುಬೆರಳ ನಡುವೆ ಅಲಗಿಗೂ ಹಿಡಿಗೂ ನಡುವಿನ ಕುತ್ತಿಗೆಯನ್ನು ಹೊರಳಿಸಿ ಮಗುಚಬೇಕು. ಮಣಿಕಟ್ಟು ತಿರುಚಿದರೆ ಬೆನ್ನು ಏಳುತ್ತದೆ. ಕ್ಷೌರಕ್ಕೆ ಮೊದಲು ಕ್ಯಾನ್ವಾಸಿನ ಮೇಲೆ 20, ಚರ್ಮದ ಮೇಲೆ 50 ಸಲ ಹೋಗಿ ಬಂದರೆ ಸಾಕು. ಕತ್ತಿಯ ಭಾರಕ್ಕಿಂತ ತುಸು ಹೆಚ್ಚಿನ ಒತ್ತಡ, ಅಷ್ಟೆ. ಪಟಪಟನೆ ಉಜ್ಜುವ ಸಿನಿಮಾ ಶೈಲಿಯಿಂದ ಕೆಲಸವೇನೂ ಬೇಗ ಆಗುವುದಿಲ್ಲ, ಪಟ್ಟಿ ಹರಿಯುತ್ತದೆ.

ಇಲ್ಲಿ ಆಗುವ ತಪ್ಪು ಮುಖ್ಯವಾಗಿ ಎರಡು. ಪಟ್ಟಿ ಜೋತುಬಿದ್ದರೆ ಚರ್ಮ ಬಾಯಿಯ ಸುತ್ತ ಬಾಗಿ ಅದನ್ನು ದುಂಡಗಾಗಿಸುತ್ತದೆ. ಆಗ ಉಜ್ಜಿದಷ್ಟೂ ಕತ್ತಿ ಮೊಂಡಾಗುತ್ತದೆ, ಹೊಸಬರಿಗೆ ಕಾರಣ ಹೊಳೆಯುವುದಿಲ್ಲ. ಮಗುಚುವುದು ಮುಗಿಯುವ ಮೊದಲೇ ಕೈ ಹಿಂದಕ್ಕೆ ಹೊರಟರೆ ಬಾಯಿ ಚರ್ಮಕ್ಕೆ ಕಚ್ಚುತ್ತದೆ. ಸಣ್ಣ ಗೀರಾದರೆ ನಯವಾದ ಮರಳುಕಾಗದದಿಂದ ತಿಕ್ಕಿ ಸಮ ಮಾಡಬಹುದು, ಎದ್ದ ಚರ್ಮವನ್ನು ಅಂಟಿಸಬಹುದು. ಆದ್ದರಿಂದ ಕಲಿಯುವ ಪಟ್ಟಿ ದುಬಾರಿಯದಾಗಿರಬೇಕಿಲ್ಲ.

ಕೆಲವು ತಿಂಗಳಲ್ಲಿ ಪಟ್ಟಿಯೊಂದರಿಂದಲೇ ಕತ್ತಿ ಮೊದಲಿನಂತಾಗದ ದಿನ ಬರುತ್ತದೆ. ಆಗಲೂ ಕಲ್ಲಿಗೆ ಓಡಬೇಡಿ. ಬೇರೊಂದು ಚರ್ಮದ ತುಂಡಿಗೆ 0.5 ಮೈಕ್ರಾನಿನ ಹಸಿರು ಕ್ರೋಮಿಯಂ ಆಕ್ಸೈಡ್ ತೆಳ್ಳಗೆ ಸವರಿ 10–15 ಸಲ ಎಳೆದರೆ ಬಾಯಿ ಚೇತರಿಸಿಕೊಳ್ಳುತ್ತದೆ. ದಿನಬಳಕೆಯ ಪಟ್ಟಿಗೆ ಇದನ್ನು ಹಚ್ಚಬಾರದು. ಈ ಉಪಾಯವೂ ಅನಂತವಲ್ಲ, ಮತ್ತೆ ಮತ್ತೆ ಮಾಡಿದರೆ ಬಾಯಿ ದುಂಡಗಾಗಿ ಕೊನೆಗೆ ಕಲ್ಲೇ ಗತಿ.

ಇನ್ನು ಕಲ್ಲಿನ ವಿಷಯ. ಅಡುಗೆಮನೆಯ ಚಾಕು ಮಸೆಯುವವರು ಕೋನವನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಕ್ಷೌರದ ಕತ್ತಿಯಲ್ಲಿ ಆ ಕೆಲಸವನ್ನು ಬೆನ್ನೇ ಮಾಡುತ್ತದೆ. ಬಾಯಿಯಿಂದ ಬೆನ್ನಿಗೆ 16 ಮಿ.ಮೀ., ಬೆನ್ನಿನ ದಪ್ಪ 4.5 ಮಿ.ಮೀ. ಇದ್ದರೆ, ಮಲಗಿಸಿ ಮಸೆದಾಗ ಬಾಯಿಯ ಒಟ್ಟು ಕೋನ ಸುಮಾರು 16 ಡಿಗ್ರಿ ಬರುತ್ತದೆ. ಬೆನ್ನು ಸವೆಯದಿರಲೆಂದು ವಿದ್ಯುತ್ ಟೇಪಿನ ಒಂದು ಪದರ ಸುತ್ತುವವರಿದ್ದಾರೆ, ತಪ್ಪೇನಿಲ್ಲ. ಆದರೆ ಆ ಒಂದು ಪದರಕ್ಕೇ ಕೋನ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಹಾಗಾಗಿ ಟೇಪು ಸುತ್ತಿದರೆ ಮೊದಲ ಕಲ್ಲಿನಿಂದ ಕೊನೆಯ ಕಲ್ಲಿನವರೆಗೂ ಇರಬೇಕು, ಸವೆದಾಗ ಹೊಸದು ಸುತ್ತಬೇಕು. ನಡುವೆ ತೆಗೆದರೆ ಮುಂದಿನ ಕಲ್ಲು ಬಾಯಿಯ ತುದಿಯನ್ನು ಮುಟ್ಟುವುದೇ ಇಲ್ಲ.

ಕಲ್ಲು ಸಮತಟ್ಟಾಗಿರಬೇಕು. ಪೆನ್ಸಿಲ್ಲಿನಲ್ಲಿ ಚೌಕುಳಿ ಗೆರೆ ಎಳೆದು, ವಜ್ರದ ಪುಡಿ ಕೂರಿಸಿದ ತಟ್ಟೆಯ ಮೇಲೋ, ಗಾಜಿನ ಮೇಲಿಟ್ಟ ನೀರುಮರಳುಕಾಗದದ ಮೇಲೋ ಎಲ್ಲ ಗೆರೆಯೂ ಅಳಿಯುವವರೆಗೆ ತಿಕ್ಕಿ. ಮಧ್ಯದಲ್ಲಿ ಗೆರೆ ಉಳಿದರೆ ಅಲ್ಲಿ ಹಳ್ಳವಿದೆ ಎಂದರ್ಥ.

1000 ಗ್ರಿಟ್ಟಿನ ಕಲ್ಲೇ ಇಡೀ ಕೆಲಸದ ತಳಪಾಯ. ಬಾಯಿಯ ಎರಡು ಬದಿಯ ಇಳಿಜಾರುಗಳು, ಅಂದರೆ ಬೆವೆಲ್, ಒಂದೇ ಗೆರೆಯಲ್ಲಿ ಕೂಡುವುದು ಇಲ್ಲೇ. ಇಲ್ಲಿ ಕೂಡದಿದ್ದರೆ 12000ದ ಕಲ್ಲಿನ ಮೇಲೆ ಗಂಟೆಗಟ್ಟಲೆ ಉಜ್ಜಿದರೂ ಮೊಂಡು ಬಾಯಿಗೆ ಹೊಳಪು ಬರುತ್ತದೆಯೇ ಹೊರತು ಹರಿತ ಬರುವುದಿಲ್ಲ. ನಮಗೆ ಕಾಣಸಿಗುವ ಹಾಳು ಮಸೆತದಲ್ಲಿ ಹೆಚ್ಚಿನದು ಈ ಆತುರದ ಫಲ. ಪರೀಕ್ಷೆ ಕಷ್ಟವಲ್ಲ. ಬೆವೆಲಿಗೆ ಮಾರ್ಕರ್ ಪೆನ್ನಿನಿಂದ ಮಸಿ ಹಚ್ಚಿ ಎರಡು ಸಲ ಎಳೆಯಿರಿ. ತುದಿಯವರೆಗೂ ಮಸಿ ಹೋಗಿದ್ದರೆ ಕಲ್ಲು ಮುಟ್ಟುತ್ತಿದೆ. ಆಮೇಲೆ ದೀಪದಡಿ ಬಾಯಿಯನ್ನು ಮೇಲ್ಮುಖವಾಗಿ ಹಿಡಿದು ಭೂತಗನ್ನಡಿಯಲ್ಲಿ ನೇರ ನೋಡಿ. ಹರಿತ ಬಾಯಿ ಬೆಳಕನ್ನು ಹಿಂದಿರುಗಿಸುವುದಿಲ್ಲ, ಎಲ್ಲಿ ಮಿನುಗುತ್ತದೋ ಅಲ್ಲಿ ಮೊಂಡು. ಕೊನೆಗೆ ಮುಂಗೈ ಕೂದಲು. ಬಾಯಿಯ ಹಿಮ್ಮಡಿ (ಹಿಡಿಯ ಕಡೆಯ ತುದಿ), ನಡು, ಮೂಗು (ಹೊರತುದಿ) ಮೂರೂ ಕಡೆ ಕೂದಲು ಒಂದೇ ಸಮ ಹೋಗಬೇಕು. ಅಲ್ಲಿಯವರೆಗೆ ಮುಂದಿನ ಕಲ್ಲು ಮುಟ್ಟಬೇಡಿ.

ಕಲ್ಲಿನ ಮೇಲೆ ಬಾಯಿ ಮುಂದೆ, ಅಂದರೆ ಪಟ್ಟಿಗೆ ತದ್ವಿರುದ್ಧ. ಎಳೆತ ತುಸು ಓರೆ ಇರಲಿ. ಹಿಮ್ಮಡಿ ಕಲ್ಲಿನ ಮೇಲಿದ್ದಾಗ ಶುರುವಾಗಿ, ಮೂಗು ಕಲ್ಲಿನ ಮೇಲಿರುವಾಗ ಮುಗಿಯಬೇಕು. ಹಿಮ್ಮಡಿಯ ಪಕ್ಕದ ದಪ್ಪ ಭಾಗ ಕಲ್ಲನ್ನೇರಿದರೆ ಬಾಯಿಯ ಆ ತುದಿ ಗಾಳಿಯಲ್ಲಿರುತ್ತದೆ. ಒತ್ತಡದ ವಿಷಯದಲ್ಲಿ ಪ್ರತಿ ಹೊಸಬರೂ ಎಡವುತ್ತಾರೆ. ಎರಡೂ ಬದಿ ಒಳಕ್ಕೆ ತೋಡಿದ ಅಲಗು ತೀರ ತೆಳು, ಬೆರಳು ಒತ್ತಿದರೆ ಬಾಗುತ್ತದೆ. ಬಾಯಿ ಕಲ್ಲಿನಿಂದ ಸರಿದು ಬೆವೆಲಿನ ಹಿಂಭಾಗ ಮಾತ್ರ ಸವೆಯುತ್ತದೆ. ಒಂದೇ ಜಾಗಕ್ಕೆ ಒತ್ತುತ್ತ ಹೋದರೆ ಬಾಯಿಯ ನಡುಭಾಗ ಒಳಕ್ಕೆ ಬಾಗುತ್ತದೆ. ಅದನ್ನು ಸರಿಪಡಿಸಲು ವರ್ಷಗಟ್ಟಲೆ ಬಾಳಬೇಕಾದ ಉಕ್ಕನ್ನು ಸವೆಸಬೇಕಾಗುತ್ತದೆ. 1000ದಲ್ಲಿ ಹಗುರ ಒತ್ತಡ, 4000 ಮತ್ತು 8000ದಲ್ಲಿ ಇನ್ನೂ ಕಡಿಮೆ, 12000ದಲ್ಲಿ ಕತ್ತಿಯ ಭಾರ ಮಾತ್ರ. ಪ್ರತಿ ಕಲ್ಲಿನಲ್ಲೂ ಹಿಂದಿನ ಕಲ್ಲಿನ ಗೀರು ಅಳಿಯಬೇಕು, ಎಷ್ಟು ಎಳೆತ ಎಂಬ ಲೆಕ್ಕಕ್ಕಿಂತ ಭೂತಗನ್ನಡಿ ಹೇಳಿದ್ದೇ ನಿಜ. ಕಲ್ಲು ಬದಲಿಸುವಾಗ ಕತ್ತಿ, ಕೈ ಎರಡನ್ನೂ ತೊಳೆಯಿರಿ. ಒರಟು ಕಲ್ಲಿನ ಒಂದು ಕಣ ನಯ ಕಲ್ಲಿಗೆ ಬಂದರೂ ಬಾಯಿ ಚಕ್ಕೆಯೇಳುತ್ತದೆ.

ತಿರುಗುವ ಸಾಣೆಚಕ್ರಕ್ಕೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ತೆಳು ಅಂಚು ಕ್ಷಣದಲ್ಲಿ ಕಾದು, 300 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ನೀಲಿ ತಿರುಗುತ್ತದೆ. ಅಲ್ಲಿಗೆ ಉಕ್ಕಿನ ಹದ ಹೋಯಿತು, ಆ ಭಾಗ ಮತ್ತೆ ಹರಿತ ಹಿಡಿಯದು.

ಬಳಸಿದ ಮೇಲೆ ಅಲಗನ್ನು ಮಾತ್ರ ತೊಳೆಯಿರಿ, ಹಿಡಿಯೊಳಗೂ ತಿರುಗಣಿಯ ಮೊಳೆಗೂ ನೀರು ಇಳಿಯಬಾರದು. ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಕ್ಯಾನ್ವಾಸಿನ ಮೇಲೆ ಹತ್ತು ಸಲ ಎಳೆದು, ಬಿಚ್ಚಿಟ್ಟು ಒಣಗಿಸಿ. ಒದ್ದೆ ಕತ್ತಿ ಮಡಚಿ ಸ್ನಾನದ ಮನೆಯಲ್ಲಿಟ್ಟರೆ ತುಕ್ಕು ಮೊದಲು ತಿನ್ನುವುದು ಬಾಯಿಯನ್ನೇ. ವಾರಗಟ್ಟಲೆ ಬಳಸದಿದ್ದರೆ ಖನಿಜ ತೈಲ ಸವರಿಡಿ. ಅಡುಗೆ ಎಣ್ಣೆ ಬೇಡ, ಜಿಗುಟಾಗುತ್ತದೆ.

ಹಳೆಯ ಕತ್ತಿ ಕೊಳ್ಳುವವರು ಬಾಯಿಯ ಹತ್ತಿರ ತುಕ್ಕಿನ ಕುಳಿಯಿದೆಯೇ ನೋಡಬೇಕು, ಇದ್ದರೆ ಬಿಟ್ಟುಬಿಡಿ. ಬೆನ್ನಿನ ಬಳಿಯ ಕಲೆ ನೋಟಕ್ಕಷ್ಟೇ ತೊಂದರೆ. ಹಿಡಿ ಸೆಲ್ಯುಲಾಯ್ಡಿನದಾಗಿದ್ದು ಕರ್ಪೂರದ ಜೊತೆ ಹುಳಿ ವಾಸನೆ ಬರುತ್ತಿದ್ದರೆ ಅದು ಕೊಳೆಯತೊಡಗಿದೆ. ಅದರಿಂದ ಏಳುವ ಆಮ್ಲದ ಆವಿ ಅಲಗನ್ನೂ, ಅದೇ ಪೆಟ್ಟಿಗೆಯಲ್ಲಿರುವ ಬೇರೆ ಕತ್ತಿಗಳನ್ನೂ ತುಕ್ಕು ಹಿಡಿಸುತ್ತದೆ. ಆ ಹಿಡಿ ಬದಲಿಸಲೇಬೇಕು.

ಇನ್ನೊಂದು ಮಾತನ್ನು ಪತ್ರಿಕೆಯೂ ಒತ್ತಿ ಹೇಳಬೇಕೆಂದು ಕೋರುತ್ತೇವೆ. ಮನೆಯವರೇ ಆದರೂ ಕತ್ತಿ ಹಂಚಿಕೊಳ್ಳಬಾರದು. ಹೆಪಟೈಟಿಸ್ ಬಿ, ಸಿ ಎರಡೂ ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹರಡಬಲ್ಲವು. ಅಲಗನ್ನೇನೋ ಸೋಂಕುರಹಿತ ಮಾಡಬಹುದು, ರಂಧ್ರಗಳಿರುವ ಚರ್ಮದ ಪಟ್ಟಿಯನ್ನು ಪೂರ್ತಿ ಶುದ್ಧಗೊಳಿಸುವ ದಾರಿಯಿಲ್ಲ. ಹಾಗಾಗಿ ಒಬ್ಬೊಬ್ಬರಿಗೂ ಅವರವರ ಕತ್ತಿ ಇದ್ದರೆ ಸಾಲದು, ಅವರವರ ಪಟ್ಟಿಯೂ ಬೇಕು.

ಇತಿ,
ಕತ್ತಿ ಮಸೆಯುವ ಹವ್ಯಾಸದ ಓದುಗರು